ನಳಿಗೆಯ ಮೂತಿ ಮತ್ತು ಹಳ್ಳದ ಗಾಳಿ

ಟೋಸ್ಟರಿನಿಂದ ಬ್ರೆಡ್ಡು ಚಿಮ್ಮುವುದಕ್ಕೆ ಒಂದು ಕ್ಷಣ ಮೊದಲೇ ತನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಡೆಲ್ಮರ್ ಟ್ವೇಟ್ ಶನಿವಾರ ಬೆಳಿಗ್ಗೆ ಆರೂವರೆಗೆ ಕಂಡುಹಿಡಿದ. ನಂಬಿಕೆಯಾಗದೆ ಇನ್ನೆರಡು ಚೂರು ಹಾಕಿ, ಈ ಸಲ ಮುಚ್ಚಕೂಡದು ಎಂದು ಹಟ ಹಿಡಿದು ನಿಂತ. ಮುಚ್ಚಿತು. ಮತ್ತೆರಡು ಹಾಕಿದ. ಈಗ ಕಣ್ಣಿನ ಜೊತೆಗೆ ಬಲಭುಜವೂ ಕಿವಿಯ ಕಡೆಗೆ ಏರಿತು. ಒಂಟಿ ಮನುಷ್ಯನ ಅಡಿಗೆಮನೆಯಲ್ಲಿ ಆರು ಚೂರು ಬ್ರೆಡ್ಡು ಯಾರು ತಿನ್ನಬೇಕು? ಯಾರಾದರೂ ನೋಡಿಬಿಟ್ಟರೋ ಎಂದು ಕಿಟಕಿಯತ್ತ ತಿರುಗಿದ. ಹೊರಗೆ ಕಣ್ಣು ಹರಿಯುವಷ್ಟು ದೂರ ಗೋಧಿ ಕೊಯ್ದ ಕೂಳೆ, ಅದರಾಚೆ ನೀಲಿ ಬೆಟ್ಟ, ಮೊಂಟಾನಾದ ಆಕಾಶ, ಅಷ್ಟೆ. ಆದರೂ ನಾಚಿಕೆಯಾಯಿತು. ಇಷ್ಟು ದಿನ ಈ ರೋಗ ರೈಫಲ್ ಕ್ಲಬ್ಬಿನಲ್ಲಿ ಮಾತ್ರ ಇತ್ತು. ಶನಿವಾರ ಮೇಜಿನ ಮುಂದೆ ಕೂತು, ರೈಫಲ್ಲಿನ ಹಿಡಿಯನ್ನು ಭುಜಕ್ಕಾನಿಸಿ, ಬೆರಳು ಟ್ರಿಗರಿನ ಕುದುರೆಯನ್ನು ಮುಟ್ಟಿತೋ ಇಲ್ಲವೋ, ಮೈ ಬೆಚ್ಚಿ ಬೀಳುತ್ತದೆ. ಗುಂಡು ಹಾರಿದರೆ ರೈಫಲ್ಲು ಒದೆಯುತ್ತದೆ. ಒದೆಯುತ್ತದೆ ಎಂದು ಬಲ್ಲ ಮೈ ಒದೆ ಬೀಳುವ ಮೊದಲೇ ಕುಗ್ಗುತ್ತದೆ. ಕುಗ್ಗಿದಾಗ ನಳಿಗೆಯ ಮೂತಿ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಇಲ್ಲಿಯ ಕೂದಲೆಳೆ ಆರುನೂರು ಗಜದಾಚೆಯ ಬಿಳಿ ಉಕ್ಕಿನ ಹಲಗೆಯ ಹತ್ತಿರ ಒಂದು ಮೊಳವಾಗಿರುತ್ತದೆ. ಕ್ಲಬ್ಬಿನಲ್ಲಿ ಈ ಬೆಚ್ಚುವಿಕೆಯ ವಿಷಯ ಎಲ್ಲರಿಗೂ ಗೊತ್ತು, ಆದರೆ ತನಗಿದೆ ಎಂದು ಯಾರೂ ಹೇಳುವುದಿಲ್ಲ, ಮೂಲವ್ಯಾಧಿಯ ಹಾಗೆ. ಡೆಲ್ಮರ್ ಬೆಣ್ಣೆ ಸವರದೆ ಎರಡು ಚೂರು ತಿಂದು, ಉಳಿದದ್ದನ್ನು ಜೇಬಿಗೆ ಹಾಕಿಕೊಂಡು, ರೈಫಲ್ಲಿನ ಪೆಟ್ಟಿಗೆಯನ್ನು ಪಿಕಪ್ಪಿಗೆ ಏರಿಸಿದ.

ದಾರಿ ಅವನೇ ಮಟ್ಟ ಮಾಡಿದ್ದು. ಮೂವತ್ತೊಂದು ವರ್ಷದಿಂದ ಕೌಂಟಿಯ ಗ್ರೇಡರ್ ಓಡಿಸುತ್ತ, ಮಣ್ಣುರಸ್ತೆಯ ಉಬ್ಬುತಗ್ಗು ಹೆರೆದು ಹಾಕುವುದೇ ಅವನ ಕಸುಬು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಅನ್ನುತ್ತಾರೆ. ಡೆಲ್ಮರ್ ಹಾಗೆ ಹೇಳಲೂ ಇಲ್ಲ, ಅದೇ ಅವನ ಸಮಾಧಾನ. ಬೇರೆಯವರು ಹೇಳಿದಾಗ ಸುಮ್ಮನಿದ್ದ, ಅದೇ ಅವನ ಸಂಕಟ. ಏಪ್ರಿಲ್‌ನ ಮೊದಲ ಶನಿವಾರ ಇದು ಶುರುವಾಯಿತು. ಅವನದು ನಾಲ್ಕನೇ ಮೇಜು. ಎಡಗಡೆ ಐದನೆಯದರಲ್ಲಿ ವರ್ನಾ ಪ್ಲುಹಾರ್, ಎಪ್ಪತ್ತೊಂದರ ಹೆಂಗಸು, ಕೌಂಟಿ ಕೋರ್ಟಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು, ಗಾಳಿ ಓದುವುದರಲ್ಲಿ ಆ ಭಾಗದಲ್ಲೇ ಹೆಸರಾದವಳು. ಹುಲ್ಲಿನ ಬಾಗು, ದುರ್ಬೀನಿನಲ್ಲಿ ಕಾಣುವ ಬಿಸಿಲಿನ ಅಲೆ, ನೊಣ ಹಾರುವ ದಿಕ್ಕು, ಎಲ್ಲವನ್ನೂ ನೋಡಿ, ‘ಬಲಕ್ಕೆ ಒಂದು ಗೇಣು ಹಿಡಿ, ಇನ್ನೂ ಬೇಡ, ಇನ್ನೂ ಬೇಡ, ಹೂಂ’ ಎನ್ನುತ್ತಾಳೆ. ಆ ಹೂಂಗೆ ಡೆಲ್ಮರ್ ಹತ್ತೊಂಬತ್ತು ವರ್ಷದಿಂದ ಗುಂಡು ಹಾರಿಸುತ್ತಿದ್ದಾನೆ. ಅವತ್ತೂ ಹೂಂ ಅಂದಳು. ಅವನು ಬೆಚ್ಚಿದ. ಹಲಗೆಯ ಕೆಳಗೆ ಎಡಕ್ಕೆ ಧೂಳೆದ್ದಿತು. ‘ನಂದೇ ತಪ್ಪು ಕಣೋ ಡೆಲ್ಮರ್, ಎಲ್ಲೋ ಒಂದು ಸುಳಿ ಬಿಟ್ಟೆ’ ಎಂದಳು ವರ್ನಾ. ‘ಪರವಾಗಿಲ್ಲ ಬಿಡಿ’ ಎಂದ ಡೆಲ್ಮರ್. ಪರವಾಗಿಲ್ಲವಂತೆ. ಮಾಡಿದವನು ತಾನು, ಕ್ಷಮಿಸಿದವನೂ ತಾನೇ. ಆ ಮಾತು ನೆನಪಾದಾಗಲೆಲ್ಲ ಗ್ರೇಡರಿನ ಅಲಗು ನೆಲಕ್ಕೆ ಒಂದು ಅಂಗುಲ ಜಾಸ್ತಿ ಇಳಿದು ರಸ್ತೆಯಲ್ಲಿ ಗುಂಡಿ ಬೀಳುತ್ತಿತ್ತು.

ಆಮೇಲಿನದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳಬಹುದು, ಕೆಳಕ್ಕೆ ಯಾಕೆ ಎಳೆಯುತ್ತದೆ ಎಂದು ವರ್ನಾ ಮೂರು ವಾರ ತಲೆ ಕೆಡಿಸಿಕೊಂಡಳು. ನಾಲ್ಕನೇ ವಾರ ಉತ್ತರ ತಂದಳು. ನಾನೂರು ಗಜದ ಹತ್ತಿರ ಒಂದು ಒಣ ಹಳ್ಳವಿದೆ. ದಿಣ್ಣೆ ಹತ್ತಿ ಬಂದ ಗಾಳಿ ಆ ಹಳ್ಳಕ್ಕೆ ಧುಮುಕುತ್ತಿರಬೇಕು, ಧುಮುಕುವಾಗ ಗುಂಡನ್ನೂ ಎಳೆದುಕೊಳ್ಳುತ್ತಿರಬೇಕು. ‘ಇರಬಹುದು’ ಎಂದ ಡೆಲ್ಮರ್. ಆ ವಯಸ್ಸಿನಲ್ಲಿ ಹಳ್ಳಕ್ಕಿಳಿದು ಆರು ಕಡೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ, ಕಾಲುಚೀಲದ ತುಂಬ ಮುಳ್ಳುಕಾಯಿ ಅಂಟಿಸಿಕೊಂಡು ಏದುಸಿರು ಬಿಡುತ್ತ ಬಂದಳು. ಡೆಲ್ಮರ್ ಕಾಫಿ ಹಿಡಿದು ನಿಂತಿದ್ದ. ರಿಬ್ಬನ್‌ಗಳು ಅಲುಗಲಿಲ್ಲ. ಆದರೆ ಅವತ್ತು ಮೂರನೇ ಮೇಜಿನ ನಾರ್ಬರ್ಟ್ ಸ್ಟ್ರಾಂಡ್, ಕ್ಲಬ್ಬಿನ ಅಧ್ಯಕ್ಷ, ಒಂದರ ಮೇಲೊಂದು ನಾಲ್ಕು ಗುಂಡು ಗುರಿ ತಪ್ಪಿಸಿಕೊಂಡಿದ್ದ. ದುರ್ಬೀನಿಗೆ ಕಣ್ಣಿಟ್ಟು, ‘ಅಲುಗ್ತಿದೆ, ಅಲುಗ್ತಿದೆ, ನನಗೆ ಸ್ಪಷ್ಟ ಕಾಣ್ತಿದೆ’ ಎಂದ. ಜೂನ್ ಹೊತ್ತಿಗೆ ಇನ್ನೂ ಐದು ಜನಕ್ಕೆ ಕಂಡಿತು. ಜುಲೈಯಲ್ಲಿ ನಾರ್ಬರ್ಟ್ ಕ್ಲಬ್ಬಿನ ಸೂಚನೆ ಬರೆಯುವ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ: ‘ಇವತ್ತು ಡೆಲ್ಮರ್ ಗಾಳಿ ಇದೆ. ಎರಡು ಬೆರಳು ಮೇಲೆ ಹಿಡಿಯಿರಿ.’ ಮೂವತ್ತೊಂದು ವರ್ಷ ಹೆರೆದ ಒಂದು ರಸ್ತೆಗೂ ಅವನ ಹೆಸರಿಲ್ಲ. ಇಲ್ಲದ ಗಾಳಿಗೆ ಇಟ್ಟರು. ಸಂಜೆ ಒಬ್ಬನೇ ನಿಂತು ಅದನ್ನು ಎರಡು ಸಲ ಓದಿಕೊಂಡ, ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು.

ಆ ಗಾಳಿ ಕಾಣದೆ ಉಳಿದದ್ದು ವರ್ನಾ ಒಬ್ಬಳಿಗೆ. ಅವಳು ಸುಳ್ಳು ಹೇಳುವವಳಲ್ಲ. ಕಾಣುವುದಿಲ್ಲ ಎಂದೇ ಹೇಳಿದಳು, ಬೇಸಿಗೆ ಪೂರ್ತಿ. ಬಿಲ್ಲಿಂಗ್ಸಿಗೆ ಎರಡು ಸಲ ಕಾರು ಓಡಿಸಿಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದಳು. ನಿಮ್ಮ ವಯಸ್ಸಿಗೆ ಚೆನ್ನಾಗಿದೆ ಎಂದನಂತೆ ಡಾಕ್ಟರು. ನಿಮ್ಮ ವಯಸ್ಸಿಗೆ ಎಂಬ ಎರಡು ಶಬ್ದವನ್ನು ಮನೆಗೆ ತಂದು ಅದರ ಜೊತೆಗೇ ಸಂಸಾರ ಮಾಡಿದಳು. ಹೋದ ಶನಿವಾರ ಪೆಟ್ಟಿಗೆ ಮುಚ್ಚುತ್ತ, ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು: ‘ಮುಂದಿನ ವಾರ ವಾರ್ಷಿಕ ಸಭೆ ಇದೆಯಲ್ಲ, ನನ್ನ ಮೇಜು ಬಿಟ್ಟುಕೊಡ್ತೀನಿ ಕಣೋ. ಕಣ್ಣು ಹೋದ ಮೇಲೆ ಜಾಗ ಹಿಡ್ಕೊಂಡು ಕೂರಬಾರದು.’ ಡೆಲ್ಮರ್ ಅವಳ ಪೆಟ್ಟಿಗೆಯನ್ನು ಕಾರಿಗೆ ಎತ್ತಿಟ್ಟ. ಸಭೆ ಇವತ್ತು ಎರಡು ಗಂಟೆಗೆ. ಒಂದು ವಾರ ಯೋಚಿಸಿ ಅವನು ಕಂಡುಕೊಂಡ ದಾರಿ ಇದು: ನಳಿಗೆಯ ಮೂತಿಗೆ ಏನಾದರೊಂದು ಸಾಧನ ಹಾಕಿಸಿ ಒದೆತ ಕಡಿಮೆ ಮಾಡುವುದು, ಒದೆತ ಹೋದರೆ ಬೆಚ್ಚುವುದು ಹೋಗುತ್ತದೆ, ಬೆಚ್ಚುವುದು ಹೋದರೆ ಗುಂಡು ವರ್ನಾ ಹೇಳಿದಲ್ಲಿಗೇ ಬೀಳುತ್ತದೆ, ಬಿದ್ದರೆ ಅವಳು ಮೇಜು ಬಿಡುವುದಿಲ್ಲ. ಯಾರ ಮುಂದೆಯೂ ಬಾಯಿಬಿಡಬೇಕಾಗಿಲ್ಲ. ಪಿಕಪ್ಪಿನಲ್ಲಿ ಬರುವಾಗ ಈ ಲೆಕ್ಕ ಬಹಳ ಸರಿಯಾಗಿ ಕಂಡಿತು.

ಕ್ಲಬ್ಬಿನ ಬಂದೂಕು ರಿಪೇರಿಯವನು ಗಸ್ ಮಿಕುಲಿಚ್. ಶನಿವಾರ ತನ್ನ ಗಾಡಿಯ ಹಿಂಬಾಗಿಲು ಇಳಿಸಿದರೆ ಅದೇ ಅಂಗಡಿ. ಕಾಫಿಯ ಹಳೇ ಡಬ್ಬಿಯೊಂದನ್ನು ಬೋರಲು ಹಾಕಿ, ಬಿದ್ದ ಕಬ್ಬಿಣದ ತುಂಡುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ‘ಏನಾಗ್ತಿದೆ ಹೇಳು ಮೊದ್ಲು. ರೋಗ ಹೇಳ್ದೆ ಮದ್ದು ಕೇಳಿದ್ರೆ ಹೆಂಗಯ್ಯ?’

‘ಏನೂ ಆಗ್ತಿಲ್ಲ. ಮೂತಿ ಬೋಳುಬೋಳಾಗಿದೆ ಅನ್ನಿಸ್ತು.’

‘ಹತ್ತೊಂಬತ್ತು ವರ್ಷ ಬೋಳಾಗೇ ಇತ್ತಲ್ಲ ಮಾರಾಯ. ಇವತ್ತು ನಾಚಿಕೆ ಬಂತಾ ಅದಕ್ಕೆ?’ ಗಸ್ ನಗಲಿಲ್ಲ; ನಗಿಸುವವರು ನಗುವುದಿಲ್ಲ. ದಪ್ಪ ಉಂಗುರದಂಥದೊಂದನ್ನು ಎತ್ತಿ ತೋರಿಸಿದ. ‘ಇದು ಟ್ಯೂನರ್ರು. ತೂಕದ ಬಳೆ. ಇಷ್ಟಿಷ್ಟೇ ತಿರುಗಿಸ್ತಾ ಹೋದ್ರೆ ನಳಿಗೆಯ ನಡುಕ ಹದಕ್ಕೆ ಬರುತ್ತಂತೆ. ಕೆಲವರಿಗೆ ಕೆಲಸ ಮಾಡುತ್ತೆ. ಮಿಕ್ಕವರಿಗೆ ತಿರುಗಿಸ್ತಾ ಕೂರೋಕೆ ಏನೋ ಒಂದು ಆಯ್ತು.’

‘ನಡುಕ ನಳಿಗೇದು ತಾನೆ?’

‘ಮತ್ತೆ ಯಾರದು?’ ಎಂದು ಗಸ್ ಅವನ ಮುಖ ನೋಡಿದ. ಡೆಲ್ಮರ್ ಬೆಟ್ಟದ ಕಡೆ ನೋಡಿದ. ಎಂಟನೇ ಇಯತ್ತೆಯಲ್ಲಿ ಶಾಲೆಯ ಬ್ಯಾಂಡಿನಲ್ಲಿ ಅವನ ಕೈಗೆ ಎರಡು ಹಿತ್ತಾಳೆಯ ತಾಳ ಕೊಟ್ಟಿದ್ದರು. ಇಡೀ ಹಾಡಿಗೆ ಒಂದೇ ಸಲ ಬಾರಿಸಬೇಕು, ಕೊನೆಯಲ್ಲಿ. ಆ ಒಂದು ಪೆಟ್ಟಿಗಾಗಿ ಅವನು ಏಳು ನಿಮಿಷ ಕಣ್ಣು ಕಿರಿದು ಮಾಡಿಕೊಂಡು, ಭುಜ ಎತ್ತಿಕೊಂಡು ನಿಂತಿದ್ದನ್ನು ಮುಂದಿನ ಸಾಲಿನ ತಾಯಂದಿರೆಲ್ಲ ನೋಡಿದರು. ಬಾರಿಸಬೇಕಾದ ಕ್ಷಣ ಬಂದಾಗ ಅವನು ಎಷ್ಟು ಕುಗ್ಗಿದ್ದನೆಂದರೆ ತಾಳ ತಾಳಕ್ಕೆ ತಾಗದೆ ಗಾಳಿಯಲ್ಲಿ ದಾಟಿಹೋಯಿತು. ಬ್ಯಾಂಡಿನ ಮೇಡಂ ಕೋಲು ಎತ್ತಿ ಹಿಡಿದೇ ಇದ್ದರು. ಆಮೇಲೆ ಅಮ್ಮ ಕಾರಿನಲ್ಲಿ, ‘ನನಗೆ ಕೇಳಿಸ್ತಪ್ಪ, ಚೆನ್ನಾಗಿತ್ತು’ ಎಂದಿದ್ದಳು. ಇಲ್ಲದ್ದನ್ನು ಇದೆ ಎನ್ನುವ ಜನ ಅವನ ಪಾಲಿಗೆ ಯಾವತ್ತೂ ಕಮ್ಮಿಯಾಗಿಲ್ಲ.

ಗಸ್ ಎರಡನೆಯದನ್ನು ಎತ್ತಿದ, ಉದ್ದನೆಯ ಕಪ್ಪು ಕೊಳವೆ. ‘ಸೈಲೆನ್ಸರ್ರು. ಒದೆತಾನೂ ಕಮ್ಮಿ, ಸದ್ದೂ ಕಮ್ಮಿ, ಅಕ್ಕಪಕ್ಕದವರಿಗೆ ತೊಂದ್ರೇನೂ ಇಲ್ಲ. ಬೆರಳಚ್ಚು ಕೊಟ್ಟು, ಫೋಟೋ ಕೊಟ್ಟು, ಸರ್ಕಾರ ಹೂಂ ಅನ್ನೋವರೆಗೆ ಕಾಯಬೇಕು.’ ಮೂರನೆಯದು ಮುಷ್ಟಿಯಷ್ಟು ದಪ್ಪ, ಎರಡೂ ಪಕ್ಕಕ್ಕೆ ಮೀನಿನ ಕಿವಿರಿನಂಥ ಕಿಂಡಿಗಳು. ‘ಇದು ಬ್ರೇಕು. ಮುಂದಕ್ಕೆ ಹೋಗೋ ಹೊಗೇನ ಪಕ್ಕಕ್ಕೆ ತಿರುಗಿಸುತ್ತೆ. ಒದೆತ ಅರ್ಧಕ್ಕರ್ಧ ಇಲ್ಲ. ಆದ್ರೆ ಒಂದು ತಿಳ್ಕೊ, ಅದು ಎಲ್ಲೂ ಮಾಯ ಆಗಲ್ಲ. ನಿನಗೆ ಬೀಳಬೇಕಾದ್ದು ಪಕ್ಕದವರಿಗೆ ಬೀಳುತ್ತೆ, ಅಷ್ಟೆ. ಅದಕ್ಕೇ ಬ್ರೇಕಿನವರಿಗೆ ಹನ್ನೆರಡನೇ ಮೇಜು ಅಂತ ನಿಯಮ ಮಾಡಿರೋದು, ತಗಡಿನ ಗೋಡೆಯಾಚೆ.’

ಹನ್ನೆರಡನೇ ಮೇಜು. ಅಲ್ಲಿ ಕೂತವನಿಗೆ ಗುರಿ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ವರ್ನಾಳ ಪಕ್ಕ ಕೂರುವುದು ಡೆಲ್ಮರನಿಗೆ ಇಷ್ಟ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ, ಈಗ ಗಸ್‌ನ ಗಾಡಿಯ ಹಿಂದೆ ಕಬ್ಬಿಣದ ತುಂಡುಗಳನ್ನು ನೋಡುತ್ತ ಥಟ್ಟನೆ ಹೇಳಿಕೊಂಡ. ಗುರಿಗಾಗಿ ಬರುತ್ತಿದ್ದೇನೆ ಅಂದುಕೊಂಡದ್ದೇ ಸುಳ್ಳು. ಆ ಹೂಂ ಕೇಳುವುದಕ್ಕೆ ಬರುತ್ತಿದ್ದೇನೆ. ಹಾಗಾದರೆ ಸೈಲೆನ್ಸರ್ ಸರಿ. ಸದ್ದಿಲ್ಲದೆ ರೋಗ ವಾಸಿಯಾಗುತ್ತದೆ, ಜಾಗವೂ ಉಳಿಯುತ್ತದೆ. ಆದರೆ ಸರ್ಕಾರ ಹೂಂ ಅನ್ನುವಷ್ಟರಲ್ಲಿ ವರ್ನಾ ಮೇಜು ಬಿಟ್ಟಿರುತ್ತಾಳೆ. ಸಭೆಗೆ ಮುಂಚೆ ಒಂದು ಗುಂಡು, ಒಂದೇ ಒಂದು, ಅವಳು ಹೇಳಿದಲ್ಲಿಗೆ ಬೀಳಬೇಕು. ‘ಬ್ರೇಕು ಹಾಕಿ ನೋಡೋಣ, ಸುಮ್ನೆ’ ಎಂದ. ಗಸ್ ತಿರುಪು ಹಾಕಿ ಬಿಗಿ ಮಾಡಿ, ‘ಹನ್ನೆರಡಕ್ಕೆ ಹೋಗಿ ಹೊಡಿ’ ಎಂದ. ಡೆಲ್ಮರ್ ಹೊರಟ. ಹನ್ನೆರಡಕ್ಕೆ ಹೋಗಬೇಕಾದರೆ ಎಲ್ಲ ಮೇಜುಗಳನ್ನೂ ದಾಟಿ, ಏನಯ್ಯ ಇದು ಮೂತಿಗೆ, ಏನು ತೊಂದರೆ ನಿನಗೆ ಎಂಬ ಮಾತುಗಳನ್ನೆಲ್ಲ ದಾಟಿ ಹೋಗಬೇಕು. ಕಾಲು ತನ್ನ ನಾಲ್ಕನೇ ಮೇಜಿನ ಹತ್ತಿರವೇ ನಿಂತುಬಿಟ್ಟಿತು. ಮೂತಿಯ ಮೇಲೆ ಟವೆಲ್ ಹೊದಿಸಿ ಕೂತ. ವರ್ನಾ ದುರ್ಬೀನಿನ ತಿರುಪು ಸರಿಮಾಡುತ್ತಿದ್ದಳು. ನಾರ್ಬರ್ಟ್ ಸಭೆಗೆ ತಂದಿದ್ದ, ಕೆಂಪು ಹುಳಿದಂಟು ತುಂಬಿದ ರೂಬಾರ್ಬ್ ಪೈಯನ್ನು ಸಭೆಗೆ ಮುಂಚೆಯೇ ತಟ್ಟೆಗೆ ಹಾಕಿಕೊಂಡಿದ್ದ. ಇಬ್ಬರ ಕಿವಿಗೂ ಸದ್ದು ತಡೆಯುವ ಮುಚ್ಚಳವಿದೆ ಎಂದು ಮಾತ್ರ ನೋಡಿಕೊಂಡು, ಟವೆಲ್ ಎಳೆದು, ವರ್ನಾ ಹೇಳುವುದನ್ನೂ ಕಾಯದೆ, ಒದೆಯುವುದಿಲ್ಲ ಒದೆಯುವುದಿಲ್ಲ ಎಂದುಕೊಳ್ಳುತ್ತ ಕುದುರೆ ಎಳೆದ.

ಒದೆಯಲಿಲ್ಲ. ಬಲಗಡೆ ನಾರ್ಬರ್ಟನ ಪೈ ತಟ್ಟೆ ಬಿಟ್ಟು ಅವನ ಅಂಗಿಗೆ ಹೋಗಿ ಕೂತಿತು. ಎಡಗಡೆ ವರ್ನಾಳ ಟೋಪಿ ಏಳನೇ ಮೇಜಿನವರೆಗೆ ಉರುಳಿತು. ಹತ್ತೊಂಬತ್ತು ವರ್ಷದ ಗಾಳಿಯನ್ನೆಲ್ಲ ಬರೆದಿಟ್ಟ ಅವಳ ಟಿಪ್ಪಣಿಯ ಹಾಳೆಗಳು ಎದ್ದು, ಆಡಿ, ಸಿಮೆಂಟಿನ ನೆಲದ ತುಂಬ ಹರಡಿದವು. ಮೇಲಿನ ತಗಡಿನಿಂದ ಗುಬ್ಬಚ್ಚಿ ಗೂಡಿನ ಹುಲ್ಲು ಉದುರಿತು. ಆರುನೂರು ಗಜದಾಚೆ ಬಿಳಿ ಹಲಗೆಯ ನಟ್ಟನಡುವೆ ಬೂದು ಬಣ್ಣದ ಒಂದು ಬೊಟ್ಟು.

‘ಬ್ರೇಕಾ?’ ಎಂದ ನಾರ್ಬರ್ಟ್, ಎದೆಯ ಮೇಲಿನ ಪೈ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಳ್ಳುತ್ತ. ‘ನಾಲ್ಕನೇ ಮೇಜಲ್ಲಿ ಬ್ರೇಕಾ? ನಿಯಮ ಬರೆದವನ ಪಕ್ಕದಲ್ಲೇ ಕೂತು?’

ಡೆಲ್ಮರ್ ಮಂಡಿಯೂರಿ ಹಾಳೆ ಆರಿಸುತ್ತಿದ್ದ. ವರ್ನಾ ಬೈಯುತ್ತಾಳೆ ಎಂದು ಕಾದ. ಬೈದರೆ ಎಷ್ಟೋ ವಾಸಿ. ಆಕೆ ಕೆದರಿದ ಬಿಳಿಗೂದಲಲ್ಲೇ ದುರ್ಬೀನಿಗೆ ಬಾಗಿ ಹಲಗೆಯನ್ನು ಬಹಳ ಹೊತ್ತು ನೋಡಿದಳು. ‘ನಡುವೆ ಬಿದ್ದಿದೆ ಕಣೋ’ ಎಂದಳು. ‘ನಾನಿನ್ನೂ ಏನೂ ಹೇಳಿರ್ಲಿಲ್ಲ. ನೀನೇ ನೋಡ್ಕೊಂಡು ಹೊಡೆದೆ, ನಡುವೆ ಬಿತ್ತು.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಅಂದ್ರೆ ಆರು ತಿಂಗಳು ನಿನ್ನ ಗುಂಡು ಕೆಡಿಸ್ತಿದ್ದದ್ದು ನಾನೇ. ಒಳ್ಳೇದಾಯ್ತು ಬಿಡು, ಅನುಮಾನ ಪರಿಹಾರ ಆಯ್ತು.’

ಡೆಲ್ಮರನ ಲೆಕ್ಕದಲ್ಲಿ ಇದು ಬಂದೇ ಇರಲಿಲ್ಲ. ಕೈಯಲ್ಲಿ ಜೂನ್ ತಿಂಗಳ ಹಾಳೆ ಇತ್ತು. ಕೋರ್ಟಿನ ಗುಮಾಸ್ತೆಯ ಸಣ್ಣ ಸ್ಪಷ್ಟ ಅಕ್ಷರದಲ್ಲಿ ಬರೆದಿದ್ದಳು: ‘ಹಳ್ಳದ ಗಾಳಿ ಇವತ್ತೂ ಕಾಣಲಿಲ್ಲ. ನಾರ್ಬರ್ಟನಿಗೆ ಕಂಡಿತು.’ ಅದರ ಕೆಳಗೆ: ‘ಕಾಣಲಿಲ್ಲ.’ ಅದರ ಕೆಳಗೆ ಮುಂದಿನ ವಾರದ್ದು: ‘ಕಾಣಲಿಲ್ಲ. ಕನ್ನಡಕ ಬದಲಿಸಿದರೂ.’ ಅವನು ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಲು ಹೋಗಿ ಇನ್ನಷ್ಟು ಕಲಸಿದ. ವರ್ನಾ ಜೇಬಿನಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದು ಐದನೇ ಮೇಜಿನ ಅಂಚಿನಲ್ಲಿದ್ದ ತನ್ನ ಹೆಸರಿನ ಹಿತ್ತಾಳೆ ತಗಡನ್ನು ಬಿಚ್ಚತೊಡಗಿದಳು. ಮೇಜು ಬಿಡುವವರು ಸಭೆಯಲ್ಲಿ ತಗಡನ್ನು ಅಧ್ಯಕ್ಷರ ಕೈಗೆ ಕೊಡುವುದು ಅಲ್ಲಿಯ ಪದ್ಧತಿ. ಸತ್ತವರದ್ದನ್ನು ಮನೆಯವರು ಬಂದು ಬಿಚ್ಚುತ್ತಾರೆ. ಬದುಕಿರುವವರು ತಾವೇ ಬಿಚ್ಚಿದ್ದನ್ನು ಡೆಲ್ಮರ್ ನೋಡಿರಲಿಲ್ಲ. ಎರಡನೇ ತಿರುಪು ತುಕ್ಕು ಹಿಡಿದಿತ್ತು. ‘ಸ್ವಲ್ಪ ಇದನ್ನ ಬಿಚ್ಚಿಕೊಡೋ, ನನ್ನ ಕೈಲಿ ಆಗಲ್ಲ’ ಎಂದಳು. ಅವನು ಬಿಚ್ಚಿಕೊಟ್ಟ. ಜೀವನದಲ್ಲಿ ಅಷ್ಟು ಹೇಡಿಯಾಗಿ ಅವನು ಯಾವ ತಿರುಪನ್ನೂ ಬಿಚ್ಚಿರಲಿಲ್ಲ.

ಸಭೆ ಮೇಜುಗಳ ಹಿಂದಿನ ಮಡಿಸುವ ಕುರ್ಚಿಗಳಲ್ಲೇ ನಡೆಯಿತು; ಹದಿನಾಲ್ಕು ಜನ, ಮೂರು ಪೈ, ಒಂದು ಕಾಫಿಯ ದೊಡ್ಡ ಪಾತ್ರೆ. ನಾರ್ಬರ್ಟ್ ಅಂಗಿಯ ಮೇಲಿನ ಕೆಂಪು ಕಲೆಯನ್ನು ಬೇಕೆಂದೇ ಒರೆಸಿಕೊಳ್ಳದೆ ನಿಂತು ವರ್ಷದ ವರದಿ ಓದಿದ. ಛಾವಣಿಗೆ ಬಣ್ಣ. ಇಲಿ ಕಾಟ. ಡೆಲ್ಮರ್ ಗಾಳಿ ಪತ್ತೆಯಾದದ್ದು ಈ ವರ್ಷದ ಮುಖ್ಯ ಸಾಧನೆ, ಹಳ್ಳದಲ್ಲಿ ಶಾಶ್ವತವಾಗಿ ಒಂದು ಗಾಳಿಕಂಬ ನೆಡುವ ಯೋಚನೆ ಇದೆ ಎಂದ. ಇಬ್ಬರು ಚಪ್ಪಾಳೆ ತಟ್ಟಿದರು. ಡೆಲ್ಮರ್ ಜೇಬಿನೊಳಗಿನ ಬ್ರೆಡ್ಡನ್ನು ಪುಡಿ ಮಾಡುತ್ತಿದ್ದ. ಆಮೇಲೆ ವರ್ನಾ ಎದ್ದಳು, ಹಿತ್ತಾಳೆಯ ತಗಡು ಕೈಯಲ್ಲಿ. ಆಕೆ ಎರಡು ಹೆಜ್ಜೆ ಇಟ್ಟಿದ್ದಳು. ಡೆಲ್ಮರನಿಗೆ ತಾಳದ ನೆನಪಾಯಿತೋ, ಅಮ್ಮನ ನೆನಪಾಯಿತೋ, ಏನೂ ಆಗಲಿಲ್ಲವೋ, ಎದ್ದು ನಿಂತಿದ್ದ.

‘ಆ ಗಾಳಿ ಇಲ್ಲ’ ಎಂದ. ‘ಯಾವತ್ತೂ ಇರ್ಲಿಲ್ಲ. ನಾನು ಬೆಚ್ಚುತೀನಿ. ಏಪ್ರಿಲ್‌ನಿಂದ. ಕಣ್ಣು ಮುಚ್ಚಿಕೊಳ್ಳುತ್ತೆ, ಭುಜ ಕುಗ್ಗುತ್ತೆ. ಇವತ್ತು ಬೆಳಿಗ್ಗೆ ಟೋಸ್ಟರಿಗೂ ಬೆಚ್ಚಿದೆ.’

ನಾರ್ಬರ್ಟ್ ಅನುಕಂಪದಿಂದ ನೋಡಿದ. ‘ಡೆಲ್ಮರ್, ನೀನು ವರ್ನಾಗೋಸ್ಕರ ಹೇಳ್ತಿದೀಯ. ದೊಡ್ಡ ಮನಸ್ಸು ನಿಂದು. ಆದ್ರೆ ಗಾಳಿ ಇದೆ ಕಣಯ್ಯ, ನಾನೇ ನೋಡಿದೀನಿ.’

‘ನಾನೂ ನೋಡಿದೀನಿ’ ಎಂದಿತು ಒಂಬತ್ತನೇ ಮೇಜು.

‘ನನ್ನ ಗುಂಡೂ ಕೆಳಕ್ಕೆ ಹೋಗಿದೆಯಲ್ಲ’ ಎಂದಿತು ಎರಡನೆಯದು, ಸ್ವಲ್ಪ ಗಾಬರಿಯಿಂದ. ತಪ್ಪು ಒಪ್ಪಿಕೊಂಡರೆ ಜನ ಬೈಯುತ್ತಾರೆ ಎಂದು ಡೆಲ್ಮರ್ ಹೆದರಿದ್ದ. ಒಪ್ಪಿಕೊಳ್ಳಲು ಬಿಡುವುದೇ ಇಲ್ಲ ಎಂದು ಅವನು ಎಣಿಸಿರಲಿಲ್ಲ. ಅವರ ಗಾಳಿಯನ್ನು ಅವನು ಕಿತ್ತುಕೊಳ್ಳುತ್ತಿದ್ದ. ಬೇಸಿಗೆ ಪೂರ್ತಿ ಎಷ್ಟು ಜನ ಅದರ ನೆರಳಲ್ಲಿ ತಣ್ಣಗಿದ್ದರೋ. ವರ್ನಾ ಒಬ್ಬಳು ತಗಡು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು. ಕರುಣೆಗೆ ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಎಂದು ಅಳೆಯುವ ನೋಟ. ನಲವತ್ತು ವರ್ಷ ಸಾಕ್ಷಿಗಳ ಮುಖ ನೋಡಿದವಳು. ‘ತುಂಬಿದ್ದೋ ಖಾಲಿಯದೋ ಹೇಳ್ದೆ ಒಂದು ತೋಟಾ ಹಾಕಿ ಕೊಡಿ’ ಎಂದ ಡೆಲ್ಮರ್ ಅವಳಿಗೆ. ‘ನೀವೇ ಹಾಕಿ. ಬ್ರೇಕು ಬಿಚ್ಚಿಸ್ತೀನಿ.’

ಅದು ಹೊಸಬರಿಗೆ ಮಾಡುವ ಪರೀಕ್ಷೆ. ಬೇರೆಯವರು ಬೆನ್ನು ತಿರುಗಿಸಿ ರೈಫಲ್ಲಿಗೆ ತುಂಬಿದ ತೋಟಾ ಹಾಕುತ್ತಾರೋ ಖಾಲಿಯದೋ, ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಖಾಲಿಯಾದರೆ ಟಿಕ್ ಎಂದು ಸದ್ದಾಗುತ್ತದೆ, ಅಷ್ಟೆ. ಆಗ ನಳಿಗೆ ಇದ್ದಲ್ಲೇ ಇರಬೇಕು. ಅರವತ್ತಮೂರು ವರ್ಷದವನು ಹದಿಮೂರು ಜನರ ಮುಂದೆ ತಾನಾಗಿ ಇದನ್ನು ಕೇಳುವುದೆಂದರೆ ಚಡ್ಡಿ ಬಿಚ್ಚಿ ನಿಂತ ಹಾಗೆ. ವರ್ನಾ ಬೆನ್ನು ತಿರುಗಿಸಿದಳು, ತೋಟಾ ಹಾಕಿದಳು, ತಂದು ಮೇಜಿನ ಮೇಲಿಟ್ಟಳು. ಡೆಲ್ಮರ್ ಕೂತ. ಗಸ್ ನಳಿಗೆಯ ಪಕ್ಕದಲ್ಲಿ ಬಾಗಿ ನಿಂತ, ಉಳಿದವರೆಲ್ಲ ಅವನ ಹಿಂದೆ. ಎಲ್ಲಿ ಈ ಹೊತ್ತಿಗೇ ವಾಸಿಯಾಗಿಬಿಡುತ್ತದೋ ಎಂದು ಡೆಲ್ಮರನಿಗೆ ಹೊಸ ಭಯ ಹುಟ್ಟಿತು. ಆರು ತಿಂಗಳು ಬೆಚ್ಚಬಾರದು ಎಂದು ಬೇಡಿಕೊಂಡವನು ಈಗ ದೇವರೇ ಬೆಚ್ಚುವ ಹಾಗೆ ಮಾಡು ಎಂದುಕೊಂಡ. ಕುದುರೆ ಎಳೆದ. ಟಿಕ್.

ಮೂತಿ ನೆಲ ಮೂಸಿತು. ಭುಜ ಕಿವಿಗೆ ಬಂತು, ಕಣ್ಣು ಮುಚ್ಚಿತು, ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿಯಿತು, ಬಾಯಿಂದ ‘ಹಪ್’ ಎಂಬ ಸದ್ದೂ ಬಂತು. ಆ ಸದ್ದು ತನ್ನಿಂದ ಬರುತ್ತದೆ ಎಂದು ಅವನಿಗೂ ಇದುವರೆಗೆ ಗೊತ್ತಿರಲಿಲ್ಲ.

‘ಅಯ್ಯೋ ಪಾಪ’ ಎಂದ ಗಸ್. ‘ಇದಕ್ಕೆ ಮೂತಿಗಲ್ಲ ಕಣಯ್ಯ, ನಿನಗೇ ಬ್ರೇಕು ಹಾಕಬೇಕು.’

‘ಇದು ಬೇರೆ’ ಎಂದ ನಾರ್ಬರ್ಟ್. ‘ಗಾಳಿ ಬೇರೆ. ಒಂದು ಇದೆ ಅಂದ್ರೆ ಇನ್ನೊಂದು ಇಲ್ಲ ಅಂತ ಆಗಲ್ಲ.’ ಆದರೆ ಅವನು ಪೈಯನ್ನು ನೋಡಿಕೊಂಡು ಹೇಳಿದ, ಯಾರನ್ನೂ ನೋಡಲಿಲ್ಲ.

ಡೆಲ್ಮರ್ ವರ್ನಾಳ ಮುಖ ನೋಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಸಿಟ್ಟು ಇರುತ್ತದೆ ಎಂದುಕೊಂಡಿದ್ದ. ಇರಲಿಲ್ಲ. ಅವನು ಅಲ್ಲಿದ್ದಾನೆಂಬ ಪರಿವೆಯೇ ಅವಳಿಗಿದ್ದಂತಿರಲಿಲ್ಲ. ‘ಹಾಗಾದ್ರೆ ನನ್ನ ಕಣ್ಣು ಸರಿ ಇದೆ’ ಎಂದಳು, ಮೆಲ್ಲಗೆ. ದೂರದ ಹಳ್ಳದ ಕಡೆ ಬರಿಗಣ್ಣಲ್ಲಿ ನೋಡಿದಳು. ‘ರಿಬ್ಬನ್ನು ಅಲುಗ್ತಿಲ್ಲ. ಅಲುಗ್ತಿಲ್ಲ ತಾನೆ, ಗಸ್?’ ಅಲುಗುತ್ತಿಲ್ಲ ಎಂದ ಗಸ್. ‘ನನಗೂ ಅಲುಗ್ತಿಲ್ಲ ಅಂತಾನೇ ಕಾಣಿಸ್ತಿದೆ’ ಎಂದು ಆಕೆ ನಕ್ಕಳು, ಬಾಯಿ ತುಂಬ. ಒಂಬತ್ತನೇ ಮೇಜಿನವನ ಹತ್ತಿರ ಹೋಗಿ ಅದನ್ನೇ ಹೇಳಿದಳು, ಎರಡನೆಯವನ ಹತ್ತಿರ ಹೋಗಿ ಅದನ್ನೇ ಹೇಳಿದಳು. ಸಂತೋಷದಲ್ಲಿ ಒಂದು ಪೂರ್ತಿ ಸುತ್ತು ಹಾಕಿ ಬಂದಳು. ಇಷ್ಟು ಸಂತೋಷವನ್ನು ಆರು ತಿಂಗಳು ತಾನು ಬಚ್ಚಿಟ್ಟುಕೊಂಡಿದ್ದೆನಲ್ಲ ಎಂದು ಡೆಲ್ಮರನಿಗೆ ಕಣ್ಣಲ್ಲಿ ನೀರು ಬಂತು. ಸುತ್ತು ಮುಗಿದು ಅವನ ಎದುರು ನಿಂತಾಗ ನಗು ನಿಂತಿತ್ತು.

‘ಏಪ್ರಿಲ್ ಮೊದಲ ಶನಿವಾರದಿಂದಾನಾ?’

‘ಹೌದು.’

‘ನಾನು ಹಳ್ಳಕ್ಕಿಳಿದಾಗ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು.’

‘ಬಿಲ್ಲಿಂಗ್ಸಿಗೆ ಹೋದಾಗ?’

‘ಎರಡು ಸಲಾನೂ ಗೊತ್ತಿತ್ತು’ ಎಂದ. ಸಾಕ್ಷಿಕಟ್ಟೆಯಲ್ಲಿ ನಿಂತವನ ಹಾಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ವರ್ನಾ ಬೆರಳು ಮಡಿಸಿ ಶನಿವಾರಗಳನ್ನು ಎಣಿಸಿದಳು. ‘ಇಪ್ಪತ್ತೈದು’ ಎಂದಳು. ‘ಗಸ್, ಅವನಿಗೆ ಆ ಬ್ರೇಕು ಹಾಕ್ಕೊಡು. ಇಪ್ಪತ್ತೈದು ಶನಿವಾರ ಹನ್ನೆರಡನೇ ಮೇಜು. ಇವತ್ತಿಂದಾನೇ. ಅಲ್ಲಿ ಕೂತು ನಿನ್ನ ಗಾಳಿ ನೀನೇ ಓದ್ಕೋ, ಡೆಲ್ಮರ್.’

‘ಹಿಮ ಬಿದ್ದು ಕ್ಲಬ್ಬು ಮುಚ್ಚಿರೋ ಶನಿವಾರಗಳು?’

‘ಅವು ಲೆಕ್ಕಕ್ಕಿಲ್ಲ. ಶಿಕ್ಷೆ ಅಂದ್ರೆ ಶಿಕ್ಷೆ.’ ಹಿತ್ತಾಳೆಯ ತಗಡನ್ನು ಅವನ ಕೈಗೆ ಕೊಟ್ಟಳು. ‘ಹೋಗೋಕೆ ಮುಂಚೆ ಇದನ್ನ ಇದ್ದಲ್ಲೇ ಕೂರಿಸಿ ಹೋಗು.’

ಕೂರಿಸಿದ, ಬಿಗಿಯಾಗಿ. ಆಮೇಲೆ ಮೂತಿಗೆ ಬ್ರೇಕು ಬಿಗಿದ ರೈಫಲ್ಲನ್ನು ಎತ್ತಿಕೊಂಡು, ಎಂಟು ಮೇಜು ದಾಟಿ, ತಗಡಿನ ಗೋಡೆಯಾಚೆ ಹೋಗಿ ಕೂತ. ಯಾರೂ ಏನೂ ಕೇಳಲಿಲ್ಲ, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅಲ್ಲಿ ಜೇಡರ ಬಲೆ, ಯಾರೋ ಬಿಟ್ಟುಹೋದ ಒಂಟಿ ಕೈಗವಸು, ಮೂರು ಕಡೆ ತಗಡು. ದುರ್ಬೀನು ಇಟ್ಟು ಹುಲ್ಲನ್ನು ನೋಡಿದ. ಹುಲ್ಲು ಒಂದು ಕಡೆ ಬಾಗಿತ್ತು, ಬಿಸಿಲಿನ ಅಲೆ ಇನ್ನೊಂದು ಕಡೆ ಹರಿಯುತ್ತಿತ್ತು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಕೂತೂ ತಾನು ಒಂದಕ್ಷರ ಕಲಿತಿಲ್ಲವಲ್ಲ ಎನ್ನಿಸಿತು. ಎಡಕ್ಕೆ ಅರ್ಧ ಗೇಣು ಹಿಡಿದ, ಅಂದಾಜಿನ ಮೇಲೆ. ಉಸಿರು ಬಿಟ್ಟ. ಎಳೆದ. ಕಣ್ಣು ತೆರೆದೇ ಇತ್ತು. ಗುಂಡು ಹೋಗಿ ಬೀಳುವುದನ್ನು ಆರು ತಿಂಗಳಲ್ಲಿ ಮೊದಲ ಸಲ ಪೂರ್ತಿ ನೋಡಿದ. ಹಲಗೆಯ ನಡುಗೆರೆಯ ನೇರಕ್ಕೆ, ಒಂದಿಂಚೂ ಮೇಲಿಲ್ಲ, ಒಂದಿಂಚೂ ಕೆಳಗಿಲ್ಲ, ಬಲಗಡೆ ಹೊರಗೆ ಧೂಳೆದ್ದಿತು. ತಪ್ಪಿತು.

ತಗಡಿನಾಚೆ ಕುರ್ಚಿ ಎಳೆದ ಸದ್ದು. ಏಳು ಮೇಜುಗಳ ಆಚೆಯಿಂದ ವರ್ನಾಳ ದನಿ, ಕೋರ್ಟಿನಲ್ಲಿ ಹೆಸರು ಕೂಗುವಷ್ಟು ದೊಡ್ಡದಾಗಿ, ಬಂತು: ‘ಇದು ಗಾಳಿ ಕಣೋ, ಡೆಲ್ಮರ್. ಇದು ನೀನಲ್ಲ.’